102ರಲ್ಲಿ ಬರಬೇಕಾದ ಪಟ್ಟಿ 50ರಲ್ಲಿ ಬಂದಿದೆ: ಹೆಕ್ಸೋಕೈನೇಸ್ 2 ಆಂಟಿಬಾಡಿ ಬಗ್ಗೆ ಸಹಾಯ ಬೇಕು

ಪ್ರಶ್ನೆ ಕೇಳಿದವರು: ಸಪ್ತಾಪುರದ ಹುಡುಗಿ

ಎಲ್ಲರಿಗೂ ನಮಸ್ಕಾರ.

ನಾನು ಧಾರವಾಡದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮೂರನೇ ವರ್ಷ. ಸಕ್ಕರೆ ಕಾಯಿಲೆ ಬರಿಸಿದ ಇಲಿಗಳಿಗೆ ನೇರಳೆ ಬೀಜದ ಸಾರ ಕೊಟ್ಟು, ಅವುಗಳ ಲಿವರ್‌ನಲ್ಲಿ ಗ್ಲೂಕೋಸ್ ಬಳಸುವ ಕಿಣ್ವಗಳು ಏನಾಗುತ್ತವೆ ಅಂತ ನೋಡುವುದು ನನ್ನ ಕೆಲಸ. ಗ್ಲೂಕೋಸ್ ಜೀವಕೋಶದ ಒಳಗೆ ಬಂದ ಕೂಡಲೇ ಅದಕ್ಕೆ ಒಂದು ಫಾಸ್ಫೇಟ್ ಅಂಟಿಸಿ ಹೊರಗೆ ಹೋಗದ ಹಾಗೆ ಮಾಡುವುದು ಹೆಕ್ಸೋಕೈನೇಸ್. ಹಾಗಾಗಿ ಮೊದಲು ಅದನ್ನೇ ಹಿಡಿಯೋಣ ಅಂತ ಹೆಕ್ಸೋಕೈನೇಸ್ 2ರ ಆಂಟಿಬಾಡಿ (ಅದನ್ನು ಹುಡುಕಿ ಅಂಟಿಕೊಳ್ಳುವ ಪ್ರೋಟೀನ್) ತರಿಸಿದೆವು. 100 ಮೈಕ್ರೋಲೀಟರ್‌ಗೆ 42 ಸಾವಿರ ರೂಪಾಯಿ. ಆರ್ಡರ್ ಹಾಕಿ ಹತ್ತು ವಾರ ಕಾದೆವು. ಐಸ್ ಪ್ಯಾಕ್ ಇನ್ನೂ ತಣ್ಣಗಿತ್ತು, ಬಂದ ದಿನವೇ ಚಿಕ್ಕ ಚಿಕ್ಕ ಟ್ಯೂಬ್‌ಗಳಿಗೆ ಹಂಚಿ ಮೈನಸ್ 20ರಲ್ಲಿ ಇಟ್ಟೆ.

ಈಗ ತೊಂದರೆ ಹೇಳುತ್ತೇನೆ. ಹೆಕ್ಸೋಕೈನೇಸ್ 2ರ ತೂಕ ಸುಮಾರು 102 ಕಿಲೋಡಾಲ್ಟನ್ (ಪ್ರೋಟೀನ್ ತೂಕದ ಅಳತೆ). ಪ್ರೋಟೀನ್‌ಗಳನ್ನು ಜೆಲ್‌ನಲ್ಲಿ ತೂಕದ ಪ್ರಕಾರ ಬೇರ್ಪಡಿಸಿ, ಪೊರೆಗೆ ಇಳಿಸಿ, ಆಂಟಿಬಾಡಿಯಿಂದ ಹುಡುಕುವುದೇ ಬ್ಲಾಟ್. ನನ್ನ ಬ್ಲಾಟ್‌ನಲ್ಲಿ 102ರ ಜಾಗ ಖಾಲಿ. ಅದರ ಬದಲು 50ರ ಹತ್ತಿರ ದಪ್ಪನೆಯ ಪಟ್ಟಿ ಬಂದಿದೆ. ಎಲ್ಲ ಸಾಲಿನಲ್ಲೂ ಇದೆ. ಮೂರು ಸಲ ಮಾಡಿದೆ, ಮೂರು ಸಲವೂ ಹೀಗೇ.

ನಾನು ಮಾಡಿದ್ದು ಇಷ್ಟು. ವಿಸ್ಟರ್ ಇಲಿಯ ಲಿವರ್, ಒಂದು ಸಾಲಿಗೆ 30 ಮೈಕ್ರೋಗ್ರಾಂ ಪ್ರೋಟೀನ್, 10 ಪರ್ಸೆಂಟ್ ಜೆಲ್. ಪಿವಿಡಿಎಫ್ ಪೊರೆಗೆ 100 ವೋಲ್ಟ್‌ನಲ್ಲಿ ಒಂದು ಗಂಟೆ ಟ್ರಾನ್ಸ್‌ಫರ್. ಪ್ರೋಟೀನ್ ತೋರಿಸುವ ಪೊನ್ಸೋ ಬಣ್ಣ ಹಾಕಿ ನೋಡಿದೆ, ಮೇಲಿಂದ ಕೆಳಗಿನವರೆಗೂ ಪ್ರೋಟೀನ್ ಚೆನ್ನಾಗಿ ಇಳಿದಿದೆ. 5 ಪರ್ಸೆಂಟ್ ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಿದೆ. ಪ್ರೈಮರಿ (ಹೆಕ್ಸೋಕೈನೇಸ್ ಹಿಡಿಯುವ ಮೊದಲ ಆಂಟಿಬಾಡಿ) ಮೌಸ್ ಮೊನೊಕ್ಲೋನಲ್ (ಮೌಸ್‌ನ ಒಂದೇ ಬಗೆಯ ಕೋಶದಿಂದ ಬಂದದ್ದು), 1:1000, ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ. ಸೆಕೆಂಡರಿ (ಪ್ರೈಮರಿಗೆ ಅಂಟಿಕೊಂಡು ಪಟ್ಟಿಯಾಗಿ ತೋರಿಸುವ ಎರಡನೇ ಆಂಟಿಬಾಡಿ) ಆಂಟಿ-ಮೌಸ್ ಎಚ್‌ಆರ್‌ಪಿ, 1:5000. ಒಂದು ನಿಮಿಷ ಎಕ್ಸ್‌ಪೋಶರ್.

25ರ ಹತ್ತಿರವೂ ಒಂದು ತೆಳು ಪಟ್ಟಿ ಇದೆ. ಅದು ಒಡೆದ ತುಂಡು ಇರಬಹುದು ಅಂತ ಬಿಟ್ಟಿದ್ದೇನೆ.

ನನಗೆ ಅನ್ನಿಸಿದ್ದು ಹೇಳುತ್ತೇನೆ, ತಪ್ಪಿದ್ದರೆ ತಿದ್ದಿ. ಹೆಕ್ಸೋಕೈನೇಸ್ ಮನೆತನದಲ್ಲಿ ಮುಖ್ಯವಾಗಿ ನಾಲ್ವರು. ಒಂದು, ಎರಡು, ಮೂರು ಎಲ್ಲವೂ 100ರ ಆಸುಪಾಸು. ನಾಲ್ಕನೆಯದು ಗ್ಲುಕೋಕೈನೇಸ್, ಅದು ಮಾತ್ರ 50ರ ಆಸುಪಾಸು. ಮತ್ತೆ ಅದು ಮುಖ್ಯವಾಗಿ ಇರುವುದೇ ಲಿವರ್‌ನಲ್ಲಿ! ಅಂದರೆ ನನ್ನ ಆಂಟಿಬಾಡಿ ಗ್ಲುಕೋಕೈನೇಸ್ ಅನ್ನೇ ಹಿಡಿದಿದೆಯಾ?

ಇದನ್ನು ನಂಬಬೇಕು ಅನ್ನಿಸಲು ಇನ್ನೊಂದು ಕಾರಣವೂ ಇದೆ. ಈ 50ರ ಪಟ್ಟಿ ನಾರ್ಮಲ್ ಇಲಿಗಳಲ್ಲಿ ದಪ್ಪಗಿದೆ. ಡಯಾಬಿಟಿಕ್ ಗುಂಪಿನಲ್ಲಿ ತುಂಬಾ ತೆಳು. ನೇರಳೆ ಬೀಜ ಕೊಟ್ಟ ಗುಂಪಿನಲ್ಲಿ ಮತ್ತೆ ದಪ್ಪ. ನಾವು ಆಸೆಪಟ್ಟಿದ್ದು ಇದನ್ನೇ ಅಲ್ವಾ? ಗೈಡ್ ಮೇಡಂ ನೋಡಿ ಖುಷಿಪಟ್ಟರು. ಮುಂದಿನ ತಿಂಗಳ ಸಮ್ಮೇಳನಕ್ಕೆ ಕಳಿಸುವ ಸಾರಾಂಶದಲ್ಲಿ ಈ ಚಿತ್ರ ಹಾಕೋಣ ಅಂದಿದ್ದಾರೆ. ಆದರೆ ರಾತ್ರಿ ಹಾಸ್ಟೆಲ್‌ಗೆ ಬಂದರೆ ನನಗೆ ಅದೇ ಯೋಚನೆ. ಹೆಸರು ಹೆಕ್ಸೋಕೈನೇಸ್ 2, ಪಟ್ಟಿ 50. ಯಾರಾದರೂ ಎದ್ದು ಕೇಳಿದರೆ ಏನು ಹೇಳಲಿ?

ಎಥಿಕ್ಸ್ ಕಮಿಟಿ ಕೊಟ್ಟ ಅನುಮತಿ 24 ಇಲಿಗಳಿಗೆ. ಅವು ಮುಗಿದಿವೆ. ಆ ಜೀವಗಳನ್ನು ತೆಗೆದುಕೊಂಡ ಮೇಲೆ ಅವುಗಳಿಂದ ಬಂದ ಮಾತು ಸರಿಯಿರಬೇಕು ಅಂತ ನನ್ನ ಆಸೆ. ದಯವಿಟ್ಟು ಗೊತ್ತಿದ್ದವರು ಹೇಳಿ.

ಉತ್ತರ 1: ಕೋಶವಾಸಿ

ನಿಮ್ಮ ಊಹೆ ನನಗೂ ಸರಿ ಅನ್ನಿಸುತ್ತದೆ. ಹೆಕ್ಸೋಕೈನೇಸ್ 2ರಲ್ಲಿ 917 ಅಮೈನೋ ಆಮ್ಲಗಳು, ಗ್ಲುಕೋಕೈನೇಸ್‌ನಲ್ಲಿ 465. ಸರಿಸುಮಾರು ಅರ್ಧ. ಇದು ಸುಮ್ನೆ ಬಂದ ಲೆಕ್ಕವಲ್ಲ. ಹಿಂದೆ ಯಾವಾಗಲೋ 50 ಕಿಲೋಡಾಲ್ಟನ್ ಕಿಣ್ವದ ಒಂದು ಜೀನ್ ಇಮ್ಮಡಿಯಾಗಿ ಬೆನ್ನಿಗೆ ಬೆನ್ನು ಅಂಟಿಕೊಂಡು 100ರ ದೊಡ್ಡ ಕಿಣ್ವಗಳು ಆಗಿವೆ. ಹೆಕ್ಸೋಕೈನೇಸ್ 2ರ ಎರಡೂ ಅರ್ಧಗಳು ಕೆಲಸ ಮಾಡುತ್ತವೆ. ಒಂದು ಮತ್ತು ಮೂರರಲ್ಲಿ ಹಿಂದಿನ ಅರ್ಧಕ್ಕೆ ಮಾತ್ರ ಆ ಶಕ್ತಿ ಉಳಿದಿದೆ. ಇಷ್ಟು ಹತ್ತಿರದ ಸಂಬಂಧ ಇರುವಾಗ ಒಂದರ ಆಂಟಿಬಾಡಿ ಇನ್ನೊಂದಕ್ಕೆ ಅಂಟಿಕೊಳ್ಳುವುದು ಸಹಜ.

ಡೇಟಾಶೀಟ್‌ನಲ್ಲಿ ಇಮ್ಯುನೋಜನ್ (ಆಂಟಿಬಾಡಿ ಹುಟ್ಟಿಸಲು ಬಳಸಿದ ತುಂಡು) ಯಾವ ಭಾಗ ಅಂತ ಕೊಟ್ಟಿರುತ್ತಾರೆ. ಆ ತುಂಡನ್ನು ಇಲಿಯ ಗ್ಲುಕೋಕೈನೇಸ್ ಜೊತೆ ಹೋಲಿಸಿ ನೋಡಿ. ಹೊಂದಿಕೆ ಜಾಸ್ತಿ ಇದ್ದರೆ ಉತ್ತರ ಸಿಕ್ಕಂತೆ. ಅದೂ ಅಲ್ಲದೆ ಲಿವರ್‌ನ ಗ್ಲುಕೋಕೈನೇಸ್ ಇನ್ಸುಲಿನ್ ಇದ್ದರೆ ಏರುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ನಿಮ್ಮ ಡಯಾಬಿಟಿಕ್ ಗುಂಪಿನಲ್ಲಿ ತೆಳುವಾಗಿದ್ದು ಇದಕ್ಕೆ ಸರಿಯಾಗಿ ಕೂರುತ್ತದೆ.

ಉತ್ತರ 2: ತಣ್ಣನೆ ಕೋಣೆ

ತಂಗಿ, ಸಾರಾಂಶ ಕಳಿಸುವ ಮೊದಲು ಇದನ್ನು ಓದು. ನಾನು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ 26 ವರ್ಷ ಟೆಕ್ನಿಕಲ್ ಆಫೀಸರ್ ಆಗಿದ್ದೆ. ಬ್ಲಾಟ್ ನನ್ನ ದಿನದ ಅಡುಗೆ.

ನಿನ್ನ ಬರಹದಲ್ಲಿ ನನ್ನ ಕಣ್ಣು ನಿಂತಿದ್ದು 50ರ ಮೇಲಲ್ಲ. ನೀನು ಬಿಟ್ಟುಬಿಟ್ಟ ಆ 25ರ ತೆಳು ಪಟ್ಟಿಯ ಮೇಲೆ. 50 ಮತ್ತು 25 ಜೊತೆಯಾಗಿ ಬಂದರೆ ನಮ್ಮ ಲ್ಯಾಬ್‌ನಲ್ಲಿ ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ರಕ್ತ ತೊಳೆದಿದ್ದೀರಾ?

ಯಾಕೆ ಅಂತ ಹೇಳುತ್ತೇನೆ. ಆಂಟಿಬಾಡಿಯೂ ಒಂದು ಪ್ರೋಟೀನೇ. ಐಜಿಜಿ ಅಂದರೆ ರಕ್ತದಲ್ಲಿ ಹೆಚ್ಚಾಗಿ ಇರುವ ಆಂಟಿಬಾಡಿ, ಅದರಲ್ಲಿ ಎರಡು ಭಾರದ ಸರಪಳಿ, ಎರಡು ಹಗುರ ಸರಪಳಿ. ಇಡೀ ಐಜಿಜಿ 150 ಕಿಲೋಡಾಲ್ಟನ್. ಸ್ಯಾಂಪಲ್ ಬಫರ್‌ನಲ್ಲಿ ಬೀಟಾ-ಮರ್ಕ್ಯಾಪ್ಟೋಎಥನಾಲ್ ಹಾಕಿ ಕುದಿಸಿದರೆ ಅವು ಬಿಟ್ಟುಕೊಳ್ಳುತ್ತವೆ. ಭಾರದ್ದು 50ರಲ್ಲಿ ನಿಲ್ಲುತ್ತದೆ, ಹಗುರದ್ದು 25ರಲ್ಲಿ. ಇದು ನಿನ್ನ ಬಾಟಲಿಯ ಆಂಟಿಬಾಡಿ ಅಲ್ಲ. ಇಲಿಯ ಸ್ವಂತ ರಕ್ತದಲ್ಲಿ ಓಡಾಡುತ್ತಿರುವ ಆಂಟಿಬಾಡಿ. ಲಿವರ್ ಅಂದರೆ ರಕ್ತದ ಕೆರೆ. ತೊಳೆಯದೆ ಅರೆದರೆ ಆ ಐಜಿಜಿ ಎಲ್ಲ ನಿನ್ನ ಜೆಲ್‌ಗೇ ಬರುತ್ತದೆ.

ಈಗ ಸೆಕೆಂಡರಿ ನೋಡು. ಆಂಟಿ-ಮೌಸ್. ಕನ್ನಡದಲ್ಲಿ ನಾವು ಎರಡನ್ನೂ ಇಲಿ ಅನ್ನುತ್ತೇವೆ, ಆದರೆ ಮೌಸ್ ಅಂದರೆ ಚಿಟ್ಟಿಲಿ, ನಿನ್ನ ವಿಸ್ಟರ್ ದೊಡ್ಡ ಇಲಿ. ಎರಡೂ ಹತ್ತಿರದ ಬಳಗ. ಒಂದರ ಐಜಿಜಿ ಇನ್ನೊಂದರದ್ದನ್ನು ಬಹಳ ಹೋಲುತ್ತದೆ. ಸಾಮಾನ್ಯ ಆಂಟಿ-ಮೌಸ್ ಸೆಕೆಂಡರಿ ದೊಡ್ಡ ಇಲಿಯ ಐಜಿಜಿಯನ್ನೂ ಹಿಡಿಯುತ್ತದೆ. ಕಂಪನಿಯವರು ಅದನ್ನು ದೊಡ್ಡ ಇಲಿಯ ಸೀರಂ ಮೇಲೆ ಹಾಯಿಸಿ, ಅಡ್ಡ ಅಂಟುವುದನ್ನು ತೆಗೆದಿದ್ದರೆ ಮಾತ್ರ ಬಚಾವ್. ಬಾಟಲಿಯ ಮೇಲೆ ಹಾಗೆ ಬರೆದಿದೆಯಾ ನೋಡು. ಬರೆದಿಲ್ಲದಿದ್ದರೆ ತೆಗೆದಿಲ್ಲ ಅಂತಲೇ ತಿಳಿ.

ಅಂದರೆ ನಿನ್ನ 42 ಸಾವಿರದ ಪ್ರೈಮರಿಗೂ ಆ ಪಟ್ಟಿಗೂ ಸಂಬಂಧವೇ ಇಲ್ಲದಿರಬಹುದು.

ಈ ತೊಂದರೆ ಹಳೆಯದು. 1975ರಲ್ಲಿ ಕೋಲರ್ ಮತ್ತು ಮಿಲ್‌ಸ್ಟೈನ್ ಮೊನೊಕ್ಲೋನಲ್ ಮಾಡುವ ದಾರಿ ತೋರಿಸಿದ್ದು ಚಿಟ್ಟಿಲಿಯ ಜೀವಕೋಶಗಳಲ್ಲೇ. ಆಮೇಲೆ ಬಹಳ ವರ್ಷ ಮೊನೊಕ್ಲೋನಲ್ ಅಂದರೆ ಮೌಸ್ ಅಂತಲೇ ಆಗಿತ್ತು. ಮನುಷ್ಯನ ಜೀವಕೋಶದಲ್ಲಿ ಕೆಲಸ ಮಾಡುವವರಿಗೆ ಅದರಿಂದ ಏನೂ ಆಗುವುದಿಲ್ಲ. ಇಲಿಯ ಅಂಗಾಂಗದಲ್ಲಿ ಕೆಲಸ ಮಾಡುವ ನಮ್ಮಂಥವರಿಗೆ ಮಾತ್ರ ಕಷ್ಟ.

ಖರ್ಚಿಲ್ಲದ ಎರಡು ಪರೀಕ್ಷೆ ಹೇಳುತ್ತೇನೆ. ಎರಡನ್ನೂ ಒಟ್ಟಿಗೇ ಮಾಡಬಹುದು.

ಮೊದಲನೆಯದು, ಪೊರೆಯನ್ನು ಎರಡು ಭಾಗ ಕತ್ತರಿಸು. ಎರಡರಲ್ಲೂ ಅದೇ ಸ್ಯಾಂಪಲ್ ಇರಲಿ. ಒಂದಕ್ಕೆ ಪ್ರೈಮರಿ ಹಾಕು. ಇನ್ನೊಂದಕ್ಕೆ ಬರೀ ಬಫರ್ ಹಾಕಿ ಕೋಲ್ಡ್ ರೂಮಿನಲ್ಲಿ ಅಷ್ಟೇ ಹೊತ್ತು ಅಲುಗಾಡಿಸು. ಮರುದಿನ ಎರಡಕ್ಕೂ ಸೆಕೆಂಡರಿ. ಪ್ರೈಮರಿ ಮುಟ್ಟದ ಪೊರೆಯಲ್ಲೂ 50 ಬಂದರೆ ಮಾತು ಮುಗಿಯಿತು.

ಎರಡನೆಯದು, ಒಂದು ಸ್ಯಾಂಪಲ್‌ಗೆ ಮರ್ಕ್ಯಾಪ್ಟೋಎಥನಾಲ್ ಹಾಕದೆ ಓಡಿಸು. ಐಜಿಜಿ ಆಗಿದ್ದರೆ 50 ಮಾಯವಾಗಿ 150ರ ಕಡೆ ಏರುತ್ತದೆ. ಗ್ಲುಕೋಕೈನೇಸ್ ಒಂಟಿ ಸರಪಳಿ, ಅದು 50ರ ಆಸುಪಾಸಿನಲ್ಲೇ ಉಳಿಯುತ್ತದೆ. ಆದರೆ ಒಂದು ಎಚ್ಚರಿಕೆ. ಮರ್ಕ್ಯಾಪ್ಟೋಎಥನಾಲ್ ಇರುವ ಸಾಲಿನ ಪಕ್ಕದಲ್ಲೇ ಇಲ್ಲದ ಸಾಲು ಹಾಕಬೇಡ. ಅದು ಜೆಲ್ ಒಳಗೆ ಸೋರಿ ಪಕ್ಕದ ಸಾಲನ್ನೂ ಬಿಡಿಸುತ್ತದೆ. ನಡುವೆ ಎರಡು ಸಾಲು ಖಾಲಿ ಬಿಡು.

ಇನ್ನು ನನಗೆ ಎರಡು ಮಾತು ಗೊತ್ತಾಗಬೇಕು. ಲಿವರ್ ತೆಗೆಯುವಾಗ ಪೋರ್ಟಲ್ ವೇನ್‌ನಿಂದ (ಕರುಳಿನಿಂದ ಲಿವರ್‌ಗೆ ರಕ್ತ ತರುವ ನಾಳ) ಸಲೈನ್ ಹರಿಸಿದ್ದಿರಾ, ಇಲ್ಲ ಬರೀ ಅದ್ದಿ ತೊಳೆದಿರಾ? ಮತ್ತೆ ಎಲ್ಲ ಗುಂಪುಗಳಿಗೂ ಒಂದೇ ಥರ ಮಾಡಿದ್ದಿರಾ? ನಿನ್ನ ಲ್ಯಾಬ್ ನೋಟ್‌ಬುಕ್ ತೆಗೆದು ನೋಡಿ ಹೇಳು. ನೆನಪಿನಿಂದ ಹೇಳಬೇಡ.

ಸಪ್ತಾಪುರದ ಹುಡುಗಿ

ಸರ್, ನಿಮ್ಮ ಉತ್ತರ ಓದಿದ ಕೂಡಲೇ ನೋಟ್‌ಬುಕ್ ತೆಗೆದೆ. ಕೈ ತಣ್ಣಗಾಯಿತು.

ನಾವು ಎರಡು ದಿನ ಡಿಸೆಕ್ಷನ್ ಮಾಡಿದ್ದೆವು. ಮೊದಲ ದಿನ ಡಯಾಬಿಟಿಕ್ ಗುಂಪು. ಅವತ್ತು ನಮ್ಮ ಸೀನಿಯರ್ ಇದ್ದರು. ಅವರು ಪೋರ್ಟಲ್ ವೇನ್‌ಗೆ ಸೂಜಿ ಹಾಕಿ, ಕೆಳಗಿನ ದೊಡ್ಡ ರಕ್ತನಾಳ ಕತ್ತರಿಸಿ, ತಣ್ಣನೆ ಸಲೈನ್ ಹರಿಸಿದರು. ನನಗೆ ಚೆನ್ನಾಗಿ ನೆನಪಿದೆ. ಕಡುಗೆಂಪು ಲಿವರ್ ಅಂಚಿನಿಂದ ಶುರುವಾಗಿ ನಿಧಾನಕ್ಕೆ ಬಿಳಿಚಿಕೊಂಡು, ಒದ್ದೆ ಶೇಂಗಾ ಸಿಪ್ಪೆಯ ಬಣ್ಣಕ್ಕೆ ಬಂತು. ಮರುದಿನ ಅವರು ಊರಿಗೆ ಹೋಗಿದ್ದರು. ಉಳಿದ ಮೂರು ಗುಂಪುಗಳನ್ನು ನಾನು ಮತ್ತು ಜೂನಿಯರ್ ಹುಡುಗ ಮಾಡಿದೆವು. ನನಗೆ ಸೂಜಿ ಹಾಕಲು ಧೈರ್ಯ ಸಾಲಲಿಲ್ಲ. ನೋಟ್‌ಬುಕ್‌ನಲ್ಲಿ ನನ್ನದೇ ಅಕ್ಷರದಲ್ಲಿ ಇದೆ: ಸಲೈನ್‌ನಲ್ಲಿ ಮೂರು ಸಲ ಅದ್ದಿ, ಫಿಲ್ಟರ್ ಪೇಪರ್‌ನಲ್ಲಿ ಒತ್ತಿ, ಮೈನಸ್ 80.

ಈಗ ಲೈಸೇಟ್ (ಲಿವರ್ ಅರೆದ ದ್ರವ) ಟ್ಯೂಬ್‌ಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಡಯಾಬಿಟಿಕ್ ಗುಂಪಿನ ಆರೂ ಟ್ಯೂಬ್ ತಿಳಿ ಹಳದಿ. ಉಳಿದವೆಲ್ಲ ಕೋಕಂ ಪಾನಕದ ಹಾಗೆ ಕೆಂಪು. ಎರಡು ತಿಂಗಳಿಂದ ಇವೇ ಟ್ಯೂಬ್ ಮುಟ್ಟುತ್ತಿದ್ದೇನೆ, ಬಣ್ಣ ನೋಡಿಯೇ ಇರಲಿಲ್ಲ.

ಸೆಕೆಂಡರಿ ಬಾಟಲಿಯ ಮೇಲೆ ದೊಡ್ಡ ಇಲಿಯ ಬಗ್ಗೆ ಏನೂ ಬರೆದಿಲ್ಲ. ಇವತ್ತು ಸಂಜೆ ಜೆಲ್ ಹಾಕುತ್ತೇನೆ.

ಉತ್ತರ 3: ಹುಬ್ಬಳ್ಳಿ ಬಯೋಕೆಮ್

ಮೇಲಿನ ಸರ್ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ಅದರ ಜೊತೆ ಇನ್ನೊಂದು ಮಾತು ಹೇಳಲೇಬೇಕು, ಯಾಕೆಂದರೆ ಇದನ್ನು ನಮ್ಮ ಕಡೆ ಬಹಳ ವಿದ್ಯಾರ್ಥಿಗಳಲ್ಲಿ ನೋಡಿದ್ದೇನೆ. ನಾನು ಮೆಡಿಕಲ್ ಕಾಲೇಜಿನಲ್ಲಿ ಬಯೋಕೆಮಿಸ್ಟ್ರಿ ಪಾಠ ಮಾಡುತ್ತೇನೆ.

ಲಿವರ್‌ನಲ್ಲಿ ಹೆಕ್ಸೋಕೈನೇಸ್ 2 ಯಾಕೆ ಹುಡುಕುತ್ತಿದ್ದೀರಿ? ಆರೋಗ್ಯವಂತ ವಯಸ್ಕ ಇಲಿಯ ಲಿವರ್ ಜೀವಕೋಶದಲ್ಲಿ ಅದು ಇಲ್ಲ ಅನ್ನುವಷ್ಟು ಕಡಿಮೆ. ಅದರ ಮನೆ ಅಂದರೆ ಮಾಂಸಖಂಡ, ಹೃದಯ, ಕೊಬ್ಬು. ಲಿವರ್ ಕ್ಯಾನ್ಸರ್ ಆದಾಗ ಜೀವಕೋಶ ಗ್ಲುಕೋಕೈನೇಸ್ ಬಿಟ್ಟು ಹೆಕ್ಸೋಕೈನೇಸ್ 2ಕ್ಕೆ ಬದಲಾಗುತ್ತದೆ. ಅದಕ್ಕೇ ಕ್ಯಾನ್ಸರ್ ಓದುವವರ ಬರಹಗಳಲ್ಲಿ ಲಿವರ್ ಜೊತೆ ಈ ಹೆಸರು ಜಾಸ್ತಿ ಕಾಣಿಸುತ್ತದೆ. ಅದನ್ನು ಓದಿ ನಮ್ಮ ಮಕ್ಕಳು ಸಕ್ಕರೆ ಕಾಯಿಲೆಯ ಕೆಲಸಕ್ಕೂ ಅದೇ ಆಂಟಿಬಾಡಿ ತರಿಸುತ್ತಾರೆ. ಹಾಗಾಗಿ ನಿಮ್ಮ 102ರ ಜಾಗ ಖಾಲಿ ಇದ್ದದ್ದು ಆಂಟಿಬಾಡಿಯ ತಪ್ಪಲ್ಲ. ಅಲ್ಲಿ ಇಲ್ಲ, ಅದು ತೋರಿಸಲಿಲ್ಲ.

ಲಿವರ್‌ಗೆ ಬೇಕಾಗಿರುವುದು ಗ್ಲುಕೋಕೈನೇಸ್. ಊಟ ಆದ ಮೇಲೆ ಕರುಳಿನಿಂದ ಬರುವ ಗ್ಲೂಕೋಸ್ ಪ್ರವಾಹವನ್ನು ತಡೆದು ಒಳಗೆ ಎಳೆದುಕೊಳ್ಳುವುದು ಅದೇ. ಬೇರೆ ಹೆಕ್ಸೋಕೈನೇಸ್‌ಗಳು ಸ್ವಲ್ಪ ಗ್ಲೂಕೋಸ್‌ಗೇ ತುಂಬಿಹೋಗುತ್ತವೆ, ಒಂದು ಮಿಲಿಮೋಲಾರ್‌ಗಿಂತ ಬಹಳ ಕೆಳಗೇ. ಗ್ಲುಕೋಕೈನೇಸ್ ಅರ್ಧ ತುಂಬಲು ಸುಮಾರು 8 ಮಿಲಿಮೋಲಾರ್ ಬೇಕು. ಬೇರೆಯವು ತಾವು ಮಾಡಿದ ಗ್ಲೂಕೋಸ್-6-ಫಾಸ್ಫೇಟ್ ಹೆಚ್ಚಾದರೆ ನಿಂತುಬಿಡುತ್ತವೆ. ಇದು ನಿಲ್ಲುವುದಿಲ್ಲ.

ಇದೇ ವ್ಯತ್ಯಾಸದಿಂದ ಆಂಟಿಬಾಡಿ ಇಲ್ಲದೆಯೂ ನೀವು ಅಳೆಯಬಹುದು. ಲೈಸೇಟ್‌ಗೆ ಗ್ಲೂಕೋಸ್, ಎಟಿಪಿ, ಮೆಗ್ನೀಸಿಯಂ, ಎನ್‌ಎಡಿಪಿ ಮತ್ತು ಹೊರಗಿನಿಂದ ಗ್ಲೂಕೋಸ್-6-ಫಾಸ್ಫೇಟ್ ಡಿಹೈಡ್ರೋಜಿನೇಸ್ ಹಾಕಿ. ಹೆಕ್ಸೋಕೈನೇಸ್ ಮಾಡಿದ ಗ್ಲೂಕೋಸ್-6-ಫಾಸ್ಫೇಟ್ ಅನ್ನು ಈ ಡಿಹೈಡ್ರೋಜಿನೇಸ್ ಬಳಸಿದಾಗ ಎನ್‌ಎಡಿಪಿ ಎನ್‌ಎಡಿಪಿಎಚ್ ಆಗುವುದನ್ನು 340 ನ್ಯಾನೋಮೀಟರ್ ಬೆಳಕಿನಲ್ಲಿ ನೋಡಿ. ಒಂದು ಸಲ 0.5 ಮಿಲಿಮೋಲಾರ್ ಗ್ಲೂಕೋಸ್, ಇನ್ನೊಂದು ಸಲ 100. ಕಡಿಮೆಯಲ್ಲಿ ಓಡುವುದು ಬೇರೆ ಹೆಕ್ಸೋಕೈನೇಸ್‌ಗಳು. 100ರಲ್ಲಿ ಎಲ್ಲವೂ ಓಡುತ್ತವೆ. ಕಳೆದರೆ ಉಳಿಯುವುದು ಗ್ಲುಕೋಕೈನೇಸ್. ಎಟಿಪಿ ಹಾಕದ ಬ್ಲಾಂಕ್ ಕಡ್ಡಾಯ ಇಡಿ. ಲಿವರ್‌ನಲ್ಲಿ ಗ್ಲೂಕೋಸ್ ಅನ್ನು ನೇರವಾಗಿ ಹಿಡಿಯುವ ಬೇರೆ ಡಿಹೈಡ್ರೋಜಿನೇಸ್ ಇದೆ, 100ರಲ್ಲಿ ಅದು ಸುಳ್ಳು ಲೆಕ್ಕ ತೋರಿಸುತ್ತದೆ.

ಲೋಡಿಂಗ್ ಕಂಟ್ರೋಲ್ (ಎಲ್ಲ ಸಾಲಿಗೂ ಸಮನಾಗಿ ಪ್ರೋಟೀನ್ ಬಿದ್ದಿದೆಯಾ ಅಂತ ತೋರಿಸುವ ಅಳತೆಗೋಲು) ಯಾವುದು ಅಂತ ನೀವು ಬರೆದಿಲ್ಲ. ಗ್ಯಾಪ್‌ಡಿಎಚ್ ಇದ್ದರೆ ಬಿಡಿ. ಅದೂ ಗ್ಲೂಕೋಸ್ ಒಡೆಯುವ ಸಾಲಿನ ಕಿಣ್ವವೇ, ಇನ್ಸುಲಿನ್ ಅದನ್ನೂ ಏರಿಸುತ್ತದೆ. ಇನ್ಸುಲಿನ್ ಇಲ್ಲದ ಇಲಿಯಲ್ಲಿ ಅದನ್ನು ಅಳತೆಗೋಲು ಮಾಡಿದರೆ ಗೋಲೇ ಉದ್ದ ಗಿಡ್ಡ ಆಗುತ್ತದೆ. ಪೊನ್ಸೋ ಬಣ್ಣದ ಚಿತ್ರ ತೆಗೆದಿಟ್ಟು ಒಟ್ಟು ಪ್ರೋಟೀನ್‌ಗೆ ಹೋಲಿಸಿ.

ಕೊನೆಯದಾಗಿ, ನಿಮ್ಮ ಇಲಿಗಳ ಮಾಂಸಖಂಡ ಎತ್ತಿಟ್ಟಿದ್ದೀರಾ? ಇದ್ದರೆ ಒಂದು ಸಾಲು ಅದನ್ನು ಹಾಕಿ. ಆಂಟಿಬಾಡಿ ಜೀವಂತ ಇದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಕೋಶವಾಸಿ

ನಾನು 25ರ ಪಟ್ಟಿಯನ್ನು ಓದಿದರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಇನ್ಸುಲಿನ್ ಕಥೆ ಸರಿಯಾಗಿ ಕೂತಿತು ಅಂತ ಅದನ್ನೇ ಹೇಳಿಬಿಟ್ಟೆ. ತಪ್ಪು ದಾರಿ ತೋರಿಸಿದ್ದಕ್ಕೆ ಕ್ಷಮಿಸಿ. ಫಲಿತಾಂಶ ಬಂದರೆ ಇಲ್ಲಿ ಖಂಡಿತ ಹಾಕಿ, ನಮ್ಮ ಲ್ಯಾಬ್‌ನಲ್ಲೂ ಇದೇ ಸೆಕೆಂಡರಿ ಇದೆ.

ಸಪ್ತಾಪುರದ ಹುಡುಗಿ

ಫಲಿತಾಂಶ ಬಂತು. ಮೊದಲು ಎಲ್ಲರಿಗೂ ಧನ್ಯವಾದ.

ಎರಡು ಜೆಲ್ ಹಾಕಿದೆ. ಈ ಸಲ ದೊಡ್ಡ ಪ್ರೋಟೀನ್‌ಗೆ ಅನುಕೂಲ ಆಗಲಿ ಅಂತ 8 ಪರ್ಸೆಂಟ್ ಮಾಡಿದೆ. 25ರದ್ದು ಕೆಳಗೆ ಓಡಿಹೋದರೂ ಪರವಾಗಿಲ್ಲ ಅಂದುಕೊಂಡೆ. ಟ್ರಾನ್ಸ್‌ಫರ್‌ಗೆ ಹಾಕಿ ಇಪ್ಪತ್ತು ನಿಮಿಷಕ್ಕೆ ಕರೆಂಟ್ ಹೋಯಿತು. ಹಾಗಾಗಿ 30 ವೋಲ್ಟ್‌ಗೆ ಇಳಿಸಿ ಕೋಲ್ಡ್ ರೂಮಿನಲ್ಲಿ ರಾತ್ರಿಯಿಡೀ ಬಿಟ್ಟೆ. ಬೆಳಗ್ಗೆ ಪೊನ್ಸೋದಲ್ಲಿ ಮೇಲಿನ ಭಾಗ ಹಿಂದಿನ ಸಲಕ್ಕಿಂತ ಚೆನ್ನಾಗಿ ಇಳಿದಿತ್ತು.

ಪ್ರೈಮರಿ ಹಾಕದ ಪೊರೆಯಲ್ಲಿ 50ರ ಪಟ್ಟಿ ಬಂತು. ಅಷ್ಟೇ ದಪ್ಪ. ಅದೇ ಏರಿಳಿತ. ನಾರ್ಮಲ್ ದಪ್ಪ, ಡಯಾಬಿಟಿಕ್ ತೆಳು, ನೇರಳೆ ಬೀಜ ದಪ್ಪ. ಎರಡು ಪೊರೆ ಪಕ್ಕಪಕ್ಕ ಇಟ್ಟರೆ ಯಾವುದಕ್ಕೆ ಪ್ರೈಮರಿ ಹಾಕಿದ್ದೆ ಅಂತ ನಾನು ಮಾಡಿದ ಮೂಲೆ ಕತ್ತರಿ ನೋಡಿಯೇ ಹೇಳಬೇಕು. ಮರ್ಕ್ಯಾಪ್ಟೋಎಥನಾಲ್ ಇಲ್ಲದ ಸಾಲಿನಲ್ಲಿ 50 ಪೂರ್ತಿ ಖಾಲಿ, ಮೇಲೆ 150ರ ಗುರುತಿನ ಹತ್ತಿರ ಕಪ್ಪನೆ ಪಟ್ಟಿ. ಸರ್ ಹೇಳಿದ ಹಾಗೇ ನಡುವೆ ಎರಡು ಸಾಲು ಬಿಟ್ಟಿದ್ದೆ.

ನಾನು ನೇರಳೆ ಬೀಜದ ಗುಣ ಅಂದುಕೊಂಡಿದ್ದು ನಾನು ತೊಳೆಯದ ರಕ್ತ.

ಮೀನಖಂಡದ ತುಂಡುಗಳನ್ನು ಸೀನಿಯರ್ ಹೇಳಿದ್ದಕ್ಕೆ ಎತ್ತಿಟ್ಟಿದ್ದೆ, ಯಾತಕ್ಕೂ ಬೇಕಾಗಬಹುದು ಅಂತ. ಒಂದು ನಾರ್ಮಲ್ ಇಲಿಯದ್ದು ಹಾಕಿದೆ. 50 ಅಲ್ಲೂ ಇತ್ತು. ಆದರೆ 100ರ ಗುರುತಿನ ಸ್ವಲ್ಪ ಮೇಲೆ, ತೆಳ್ಳಗೆ, ಚೊಕ್ಕವಾಗಿ ಒಂದು ಪಟ್ಟಿ. ಪ್ರೈಮರಿ ಹಾಕದ ಪೊರೆಯಲ್ಲಿ ಅದು ಇಲ್ಲ. ಕಂಪ್ಯೂಟರ್ ಪರದೆಯ ಮೇಲೆ ಅದನ್ನು ನೋಡಿ ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ಎರಡು ತಿಂಗಳು ನಾನು ಬೈದುಕೊಂಡ ಆಂಟಿಬಾಡಿ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು.

ಗೈಡ್ ಮೇಡಂ ಹತ್ತಿರ ಹೋಗುವಾಗ ಕಾಲು ನಡುಗುತ್ತಿತ್ತು. ಎರಡು ಪೊರೆಯ ಚಿತ್ರ ಟೇಬಲ್ ಮೇಲೆ ಇಟ್ಟೆ, ಟ್ಯೂಬ್‌ಗಳನ್ನೂ ತೋರಿಸಿದೆ. ಅವರು ಕನ್ನಡಕ ತೆಗೆದು ಹತ್ತಿರದಿಂದ ನೋಡಿದರು. ಸಾರಾಂಶದಿಂದ ಆ ಚಿತ್ರ ತೆಗೆದುಬಿಡು, ಬರೀ ರಕ್ತದ ಸಕ್ಕರೆಯ ಅಂಕಿ ಇಟ್ಟು ಕಳಿಸು ಅಂದರು. ಆಮೇಲೆ, ಮುಂದಿನ ಬ್ಯಾಚ್‌ನಲ್ಲಿ ಸೂಜಿ ನೀನೇ ಹಾಕಬೇಕು, ಕಲಿಸುತ್ತೇನೆ ಅಂದರು.

ಈಗ ಎರಡು ಪ್ರಶ್ನೆ. ಇದೇ ಲೈಸೇಟ್‌ಗಳನ್ನು ಉಳಿಸಿಕೊಳ್ಳಲು ದಾರಿ ಇದೆಯಾ? 340ರ ಅಳತೆಗೆ ಇವು ನಡೆಯುತ್ತವಾ, ಇಷ್ಟು ಕೆಂಪಗಿರುವಾಗ?

ತಣ್ಣನೆ ಕೋಣೆ

ತಂಗಿ, ಚಿತ್ರ ತೆಗೆದೆ ಅಂತ ಓದಿ ಸಮಾಧಾನ ಆಯಿತು. ನಿನ್ನ ಮೇಡಂಗೂ ನನ್ನ ನಮಸ್ಕಾರ ಹೇಳು.

ಬ್ಲಾಟ್ ಮಟ್ಟಿಗೆ ಉಳಿಸಿಕೊಳ್ಳಬಹುದು. ಮೊಲದ ಪ್ರೈಮರಿ, ಆಂಟಿ-ರ್‍ಯಾಬಿಟ್ ಸೆಕೆಂಡರಿ ಬಳಸು. ಅದರಲ್ಲೂ ಇಲಿಯ ಐಜಿಜಿ ಮೇಲೆ ಹಾಯಿಸಿ ಶುದ್ಧ ಮಾಡಿದ್ದು ಕೇಳಿ ತರಿಸು. ನಿನಗೆ ಬೇಕಿರುವ ಗ್ಲುಕೋಕೈನೇಸ್ 52ರ ಹತ್ತಿರ, ಭಾರದ ಸರಪಳಿ 50. ಎರಡೂ ಒಂದರ ಮೇಲೊಂದು ಕೂರುತ್ತವೆ. ಹಾಗಾಗಿ ನಿನ್ನ ಕೆಲಸದಲ್ಲಿ ಮೌಸ್ ಪ್ರೈಮರಿ ಬೇಡವೇ ಬೇಡ. ಮೊಲದ್ದು ಬಂದ ಮೇಲೂ ಪ್ರೈಮರಿ ಇಲ್ಲದ ಪೊರೆ ಪ್ರತಿ ಸಲ ಇಡು.

ಆದರೆ ಒಂದು ವಿಷಯ ಉಳಿಯುತ್ತದೆ. ರಕ್ತ ಇರುವ ಲೈಸೇಟ್‌ನಲ್ಲಿ 30 ಮೈಕ್ರೋಗ್ರಾಂ ಅಂದರೆ ಅದರಲ್ಲಿ ಹಿಮೋಗ್ಲೋಬಿನ್, ಆಲ್ಬುಮಿನ್ ಪಾಲೂ ಸೇರಿದೆ. ತೊಳೆದ ಗುಂಪಿನಲ್ಲಿ 30 ಅಂದರೆ ಹೆಚ್ಚುಕಮ್ಮಿ ಪೂರ್ತಿ ಲಿವರ್. ಡಯಾಬಿಟಿಕ್ ಗುಂಪನ್ನು ಉಳಿದವುಗಳ ಜೊತೆ ಹೋಲಿಸುವುದು ನ್ಯಾಯ ಆಗುವುದಿಲ್ಲ. ನಾರ್ಮಲ್ ಮತ್ತು ಬೀಜ ಕೊಟ್ಟ ಗುಂಪನ್ನು ತಮ್ಮತಮ್ಮಲ್ಲಿ ಹೋಲಿಸಬಹುದು, ಎರಡೂ ಒಂದೇ ದಿನ ಒಂದೇ ಕೈಯಲ್ಲಿ ಆಗಿವೆ. ಅಷ್ಟನ್ನು ಅಷ್ಟೇ ಅಂತ ಬರೆ.

ಹುಬ್ಬಳ್ಳಿ ಬಯೋಕೆಮ್

340ಕ್ಕೆ ಈ ಲೈಸೇಟ್ ಬೇಡ. ಬಣ್ಣ ಒಂದೇ ತೊಂದರೆ ಅಲ್ಲ, ಬ್ಲಾಂಕ್‌ನಿಂದ ಅದನ್ನು ಕಳೆಯಬಹುದು. ಕೆಂಪು ರಕ್ತಕಣದಲ್ಲಿ ಹೆಕ್ಸೋಕೈನೇಸ್ 1 ಇದೆ, ಅದು ನಿಮ್ಮ 0.5ರ ಲೆಕ್ಕದೊಳಗೆ ನುಗ್ಗುತ್ತದೆ. ಅದೂ ಅಲ್ಲದೆ ಬ್ಲಾಟ್‌ಗೆ ಅಂತ ಡಿಟರ್ಜೆಂಟ್ ಹಾಕಿ ಮಾಡಿದ ಲೈಸೇಟ್, ಎರಡು ತಿಂಗಳು ಕರಗಿಸಿ ಮತ್ತೆ ಮತ್ತೆ ಫ್ರೀಜ್ ಮಾಡಿದ್ದೀರಿ. ಕಿಣ್ವದ ಕೆಲಸ ಅಳೆಯಲು ಹೊಸ ಬ್ಯಾಚ್‌ವರೆಗೆ ಕಾಯಿರಿ. ಮೀನಖಂಡದ ತುಂಡುಗಳು ಮಾತ್ರ ಜೋಪಾನ. ಇನ್ಸುಲಿನ್ ಇಲ್ಲದಿದ್ದರೆ ಅಲ್ಲಿ ಹೆಕ್ಸೋಕೈನೇಸ್ 2 ಇಳಿಯುತ್ತದೆ, ನಿಮ್ಮ ಬಾಟಲಿ ಅಲ್ಲಿ ಉಪಯೋಗಕ್ಕೆ ಬರುತ್ತದೆ. ಎಲ್ಲ ಗುಂಪಿನದ್ದೂ ಒಂದೇ ಥರ ಎತ್ತಿಟ್ಟಿದ್ದೀರಾ ಅಂತ ಮೊದಲು ನೋಟ್‌ಬುಕ್ ನೋಡಿ.

ಗ್ಲುಕೋಕೈನೇಸ್‌ಗೆ ಮೊಲದ ಆಂಟಿಬಾಡಿ ನನ್ನ ಹತ್ತಿರ ಇದೆ. ಇಲಿಯ ಲಿವರ್‌ನಲ್ಲಿ ನಾವು ಬಳಸಿ ನೋಡಿದ್ದೇವೆ, ಉಪವಾಸ ಇಟ್ಟ ಇಲಿಯಲ್ಲಿ ಪಟ್ಟಿ ಇಳಿದಿದ್ದೂ ಕಂಡಿದೆ. ಹತ್ತು ಮೈಕ್ರೋಲೀಟರ್ ಕೊಡುತ್ತೇನೆ, ಆಂಟಿ-ರ್‍ಯಾಬಿಟ್ ಸೆಕೆಂಡರಿಯೂ ಸ್ವಲ್ಪ. ಮಂಗಳವಾರ ಮಧ್ಯಾಹ್ನ ಎರಡರ ಮೇಲೆ ನನಗೆ ಕ್ಲಾಸ್ ಇಲ್ಲ. ಥರ್ಮೋಕೋಲ್ ಡಬ್ಬಿಯಲ್ಲಿ ಐಸ್ ತಗೊಂಡು ಬನ್ನಿ, ವಿಳಾಸ ಮೆಸೇಜ್ ಮಾಡುತ್ತೇನೆ.

ಸಪ್ತಾಪುರದ ಹುಡುಗಿ

ಬರುತ್ತೇನೆ ಮೇಡಂ. ಮೀನಖಂಡದ ಪುಟ ಈಗಲೇ ನೋಡಿದೆ: ನಾಲ್ಕೂ ಗುಂಪು, ಕಾಲು ಬಿಡಿಸಿ, ಸಲೈನ್‌ನಲ್ಲಿ ಒಂದು ಸಲ ಅದ್ದಿ, ನೇರ ಮೈನಸ್ 80. ಎಲ್ಲದಕ್ಕೂ ಒಂದೇ ಥರ ಇದೆ.